ಟ್ರ್ಯಾಕಿಗೆ ಹೋಗುವ ಕಾರಿಗೆ ಎಂಥ ಸ್ಪ್ರಿಂಗ್, ಎಷ್ಟು ಅಗಲದ ರಿಮ್?

ಪ್ರಶ್ನೆ: ಸರ್, ನನ್ನ ಹತ್ತಿರ ಪೋಲೋ ಜಿಟಿ ಟಿಎಸ್‌ಐ ಇದೆ. ವರ್ಷಕ್ಕೆ ಎರಡು ಮೂರು ಸಲ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಒಯ್ಯುತ್ತೇನೆ. ಉಳಿದ ದಿನ ಹುಬ್ಬಳ್ಳಿ–ಧಾರವಾಡ ಓಡಾಟ. ಕಾರನ್ನು 40 ಮಿಮೀ ಇಳಿಸಿ 7ಜೆ (7 ಇಂಚು ಅಗಲದ) ರಿಮ್ ಹಾಕಿಸಬೇಕು ಅಂತಿದ್ದೇನೆ. ಯಾವ ಸ್ಪ್ರಿಂಗ್ ತಗೊಳ್ಳಲಿ? ರಿಮ್ ಎಲ್ಲಾದರೂ ತಾಗುತ್ತಾ?
– ವಿದ್ಯಾನಗರದ ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಪೋಲೋ ಯಾವಾಗ ಸ್ಪೋರ್ಟ್ಸ್ ಕಾರ್ ಆಯ್ತು ಅಂತ ಮೂಗು ಮುರಿಯುವವರು ಇದ್ದಾರೆ. ಇರಲಿ ಬಿಡಿ, ಲೆಕ್ಕ ಎಲ್ಲ ಕಾರಿಗೂ ಒಂದೇ. ನನಗೆ ಕಸಿವಿಸಿ ಆದದ್ದು ನಿಮ್ಮ ಆ 40 ಮಿಮೀ ನೋಡಿ. ಸ್ಪ್ರಿಂಗ್ ಯಾವುದು ಅಂತ ಇನ್ನೂ ಗೊತ್ತಿಲ್ಲ, ಎಷ್ಟು ಇಳಿಸಬೇಕು ಅಂತ ಮಾತ್ರ ಆಗಲೇ ತೀರ್ಮಾನ ಆಗಿದೆ.

ನಾನೂ ಒಮ್ಮೆ ಹಾಗೇ ಮಾಡಿದ್ದೆ. ಹಳೇ ಕಾರೊಂದರ ಸ್ಪ್ರಿಂಗನ್ನು ಒಂದು ಗ್ಯಾರೇಜಿನಲ್ಲಿ ಒಂದು ಸುತ್ತು ಕತ್ತರಿಸಿ ಹಾಕಿಸಿದೆ. ಗ್ರೈಂಡರಿನ ಕಿಡಿ ಹಾರಿತು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ನಿಂತಾಗ ನೋಡಲು ಚಂದವೋ ಚಂದ. ಉಣಕಲ್ ದಾಟುವಷ್ಟರಲ್ಲಿ ಪ್ರತಿ ಹಂಪಿಗೂ ಧಡ್ ಅನ್ನತೊಡಗಿತು. ಮನೆಗೆ ಬಂದು ಜಾಕ್ ಹಾಕಿದೆ. ಗಾಲಿ ನೇತಾಡುತ್ತಿದ್ದಾಗ ಸ್ಪ್ರಿಂಗನ್ನು ಬೆರಳಲ್ಲೇ ಗಿರಗಿರ ತಿರುಗಿಸಬಹುದಿತ್ತು, ಅಷ್ಟು ಸಡಿಲ. ಒಳಗಿನ ಬಂಪ್ ಸ್ಟಾಪ್ ರಬ್ಬರ್ ಒಡೆದು ಚೂರು ಚೂರಾಗಿತ್ತು.

ಆದದ್ದು ಇಷ್ಟು. ಐದು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಿದರೆ ಅದು ಶೇ. 25ರಷ್ಟು ಗಟ್ಟಿ ಆಗುತ್ತದೆ. ಆದರೆ ಅದು ಕುಗ್ಗಲು ಇರುವ ಜಾಗ ಅದಕ್ಕಿಂತ ಜಾಸ್ತಿ ಕಡಿಮೆ ಆಗಬಹುದು. ಜಾಗ ಮುಗಿದಾಗ ಶಾಕಪ್ಪು ಬಂಪ್ ಸ್ಟಾಪಿನ ಮೇಲೆ ಕೂರುತ್ತದೆ. ಮನೆ ದಾರಿಯಲ್ಲಿ ಇದು ಬರೀ ಸದ್ದು. ಟ್ರ್ಯಾಕಿನ ತಿರುವಿನ ನಡುವೆ ಹಾಗಾದರೆ ಹೊರಗಿನ ಮುಂಗಾಲಿ ದಿಢೀರನೆ ಕಲ್ಲಿನಂತಾಗಿ ಹಿಡಿತ ಬಿಡುತ್ತದೆ, ಕಾರು ನೇರ ಹೊರಗೆ ಜಾರುತ್ತದೆ. ಸ್ಪ್ರಿಂಗನ್ನು ಕಾಯಿಸಿ ಕೂರಿಸಿ ಕೊಡುವವರೂ ಇದ್ದಾರೆ. ಅದಂತೂ ಬೇಡವೇ ಬೇಡ, ಉಕ್ಕಿನ ಹದವೇ ಹೋಗುತ್ತದೆ.

ಈಗ ಸಂಖ್ಯೆಗೆ ಬರೋಣ. ಸ್ಪ್ರಿಂಗಿನ ಗಟ್ಟಿತನವನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ಕೆಜಿ ಬೇಕು ಎಂದು ಹೇಳುತ್ತಾರೆ. ಮುಂದಿನ ಒಂದು ಗಾಲಿಯ ಸ್ಪ್ರಿಂಗ್ ಹೊರುವ ತೂಕ 300 ಕೆಜಿ ಎಂದು ಹಿಡಿಯಿರಿ. 2.5 ಕೆಜಿಯ ಮೆತ್ತನೆ ಸ್ಪ್ರಿಂಗ್ ಆ ತೂಕಕ್ಕೆ 120 ಮಿಮೀ ಕುಗ್ಗಿ ನಿಲ್ಲುತ್ತದೆ. ಕಾರು ಸೆಕೆಂಡಿಗೆ ಸುಮಾರು 1.4 ಸಲ ಮೇಲೆ ಕೆಳಗೆ ತೂಗುತ್ತದೆ. ಸಾಮಾನ್ಯ ಕಾರುಗಳೆಲ್ಲ ಈ ಆಸುಪಾಸಿನಲ್ಲೇ ಇರುತ್ತವೆ. 4 ಕೆಜಿಯದು 75 ಮಿಮೀ ಕುಗ್ಗುತ್ತದೆ, ಸೆಕೆಂಡಿಗೆ 1.8 ಸಲ. 8 ಕೆಜಿಯದು ಬರೀ 38 ಮಿಮೀ, 2.6 ಸಲ. ಇದು ಟ್ರೇಲರ್ ಮೇಲೆ ಟ್ರ್ಯಾಕಿಗೆ ಹೋಗುವ ಕಾರಿನ ಲೆಕ್ಕ.

ಈ 38 ಮಿಮೀ ಯಾಕೆ ಮುಖ್ಯ ಅಂದರೆ, ಗುಂಡಿ ಬಂದಾಗ ಗಾಲಿ ಕೆಳಗಿಳಿದು ನೆಲ ಒತ್ತಿ ಹಿಡಿಯಲು ಸ್ಪ್ರಿಂಗಿನ ಬಳಿ ಇರುವುದು ಅಷ್ಟೇ ಜಾಗ. ನಮ್ಮದು ಎರಿ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆ ಅಲೆ ಆಗುತ್ತದೆ. ಗದಗ, ನವಲಗುಂದದ ಕಡೆ ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ 8 ಕೆಜಿ ಸ್ಪ್ರಿಂಗ್ ಹಾಕಿದ ಕಾರು ಹಿಡಿತಕ್ಕೆ ಸಿಗುವುದಿಲ್ಲ, ಕುಣಿಯುತ್ತದೆ.

ಜಾಸ್ತಿ ಇಳಿಸಿದರೆ ಕಾರು ವಾಲುವುದು ಕಡಿಮೆ ಆಗುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಪೋಲೋದಂಥ ಸ್ಟ್ರಟ್ (ಶಾಕಪ್ಪಿನ ಸುತ್ತ ಸ್ಪ್ರಿಂಗ್ ಕೂತ ಕಂಬ) ಇರುವ ಕಾರಿನಲ್ಲಿ ಉಲ್ಟಾ ಆಗಬಹುದು. ಗಾಲಿಯನ್ನು ಕಾರಿನ ಒಡಲಿಗೆ ಜೋಡಿಸುವ ಮುಂದಿನ ಕೆಳ ಆರ್ಮ್ ಗಾಲಿಯ ಕಡೆಗೆ ತುಸು ಇಳಿಜಾರಾಗಿ ಇರುತ್ತದೆ. ಕಾರು ಇಳಿಸುತ್ತಾ ಹೋದಂತೆ ಅದು ಮಟ್ಟ ಆಗಿ, ಆಮೇಲೆ ಗಾಲಿಯ ಕಡೆ ಮೇಲೇರುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಕಾರಿನ ತೂಕದ ಕೇಂದ್ರಕ್ಕಿಂತ ಬೇಗ ಕೆಳಗೆ ಹೋಗುತ್ತದೆ. ನಡುವಿನ ಅಂತರ ಬೆಳೆಯುತ್ತದೆ. ಕಾರನ್ನು ವಾಲಿಸುವ ಹಾರೆ ಉದ್ದ ಆಯ್ತು ಅಂತಲೇ ಲೆಕ್ಕ.

ಹಾಗಾಗಿ ನನ್ನ ಸಲಹೆ: ಮುಂದೆ 4 ಕೆಜಿ ಆಸುಪಾಸು, ಇಳಿತ 20ರಿಂದ 25 ಮಿಮೀ, ಅದಕ್ಕೆ ಹೊಂದುವ ಶಾಕಪ್ಪು ಜೊತೆಯಲ್ಲೇ. ಹಳೇ ಶಾಕಪ್ಪಿಗೆ ಹೊಸ ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದನ್ನು ತಡೆದು ನಿಲ್ಲಿಸುವವರು ಯಾರೂ ಇರುವುದಿಲ್ಲ. ಹಿಂದಿನ ಸ್ಪ್ರಿಂಗಿನ ಸಂಖ್ಯೆಯನ್ನು ಮುಂದಿನದಕ್ಕೆ ಹೋಲಿಸಬೇಡಿ. ಅದು ಗಾಲಿಯ ನೇರಕ್ಕೆ ಕೂತಿಲ್ಲ, ಹಾಗಾಗಿ ಗಾಲಿಗೆ ಅದರ ಪೂರ್ತಿ ಬಲ ಸಿಗುವುದಿಲ್ಲ. ಸೆಟ್ ಮಾಡಿದವರು ಕೊಟ್ಟ ಜೋಡಿಯನ್ನೇ ಹಾಕಿ.

ಇನ್ನು ರಿಮ್. ಈಗಿರುವುದು 6ಜೆ, ಇಟಿ 40 ಎಂದುಕೊಳ್ಳೋಣ. ಇಟಿ ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಬೋಲ್ಟ್ ಬಿಗಿಯುವ ಮುಖ ಎಷ್ಟು ಮಿಮೀ ಹೊರಗಿದೆ ಅಂತ. ರಿಮ್ಮಿನ ಮೇಲೇ ಅಚ್ಚೊತ್ತಿರುತ್ತದೆ, ಬಿಚ್ಚಿ ನೋಡಿ. 7ಜೆ, ಇಟಿ 35 ಹಾಕಿದರೆ ಅಗಲ ಒಂದು ಇಂಚು ಜಾಸ್ತಿ, ಅಂದರೆ ಆಚೆ ಈಚೆ 12.7 ಮಿಮೀ. ಇಟಿ 5 ಕಡಿಮೆ ಆದದ್ದಕ್ಕೆ ಇಡೀ ರಿಮ್ 5 ಮಿಮೀ ಹೊರಗೆ ಸರಿಯುತ್ತದೆ. ಒಟ್ಟು ಹೊರಗೆ 17.7, ಒಳಗೆ 7.7 ಮಿಮೀ. ಎಲ್ಲರೂ ಹೊರಗಿನ ಫೆಂಡರ್ ನೋಡುತ್ತಾರೆ. ಮುಂದೆ ತಾಗುವುದು ಎಷ್ಟೋ ಸಲ ಒಳಗಿನ ಸ್ಟ್ರಟ್ಟಿಗೆ. ಟೈರ್ 185/60 ಆರ್15 ಇದ್ದರೆ 195/55 ಆರ್15 ಸಾಕು, ಎತ್ತರ 603ರಿಂದ 596 ಮಿಮೀ ಆಗುತ್ತದೆ ಅಷ್ಟೆ. ನಿಜ ಹೇಳಬೇಕೆಂದರೆ ಒಳ್ಳೆ ಟೈರ್‌ನಿಂದ ಸಿಗುವ ಹಿಡಿತ ಯಾವ ಸ್ಪ್ರಿಂಗಿನಿಂದಲೂ ಸಿಗುವುದಿಲ್ಲ, ಮೊದಲ ದುಡ್ಡು ಅಲ್ಲಿ ಹಾಕಿ.

ಬೋಲ್ಟ್ ಜಾಗ 5×100, ಅಂದರೆ 100 ಮಿಮೀ ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್; ನಡುವಿನ ತೂತು 57.1 ಮಿಮೀ. ಹೊರಗಡೆ ಕೊಂಡ, ಕಂಪನಿಯದಲ್ಲದ ರಿಮ್ಮಿನ ತೂತು ದೊಡ್ಡದಿದ್ದರೆ ಅಲ್ಯೂಮಿನಿಯಂ ಹಬ್ ರಿಂಗ್ ಹಾಕಿಸಿ. ಟ್ರ್ಯಾಕಿನ ಬ್ರೇಕ್ ಬಿಸಿಗೆ ಪ್ಲಾಸ್ಟಿಕ್ಕಿನದು ಮೆತ್ತಗಾಗುತ್ತದೆ. ಇನ್ನೊಂದು: ಕಂಪನಿ ಬೋಲ್ಟಿನ ಕುತ್ತಿಗೆ ಗುಂಡಗೆ ಗೋಲಿಯಂತಿದೆ. ಹೊರಗಿನ ರಿಮ್ ಬಹುತೇಕ ಶಂಕುವಿನಾಕಾರದ ಕುತ್ತಿಗೆ ಕೇಳುತ್ತದೆ. ಹಳೇ ಬೋಲ್ಟನ್ನೇ ಬಿಗಿದರೆ ಅದು ತುದಿಯಲ್ಲಷ್ಟೇ ಕಚ್ಚಿ, ಓಡುತ್ತಾ ಸಡಿಲ ಆಗುತ್ತದೆ. ಬಿಗಿ 120 ನ್ಯೂಟನ್ ಮೀಟರ್, ಪೈಪ್ ಹಾಕಿ ತುಳಿಯುವುದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡಿಗೆ ಮಿತಿ ಹಾಕಿದೆ, ವಿಮೆಯವರನ್ನೂ ಮೊದಲೇ ಕೇಳಿಕೊಳ್ಳಿ.

ತಾಗುತ್ತಾ ಅಂದಿರಲ್ಲ, ರಿಮ್ ಕೊಳ್ಳುವ ಮೊದಲು ಅಂಗಡಿಯವರಿಂದ ಒಂದು ದಿನಕ್ಕೆ ಇಸಕೊಂಡು ನೋಡಿ. ಗಣಪತಿ ಮಾಡುವ ಹಸಿ ಮಣ್ಣನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಸ್ಟ್ರಟ್ಟಿನ ಮೇಲೆ, ಫೆಂಡರಿನ ಒಳಗೆ ನಾಲ್ಕು ಕಡೆ ಅಂಟಿಸಿ. ಗಾಲಿ ಹಾಕಿ, ಅದಕ್ಕೆ ಓರೆಯಾಗಿ ಎದುರಿರುವ ಮೂಲೆಯನ್ನು ಜಾಕಿನಿಂದ ಎತ್ತಿ, ಸ್ಟಿಯರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಆಮೇಲೆ ಗಾಲಿ ಬಿಚ್ಚಿ, ಚಪ್ಪಟೆಯಾದ ಮಣ್ಣಿಗೆ ಕಡ್ಡಿ ಚುಚ್ಚಿ ದಪ್ಪ ಅಳೆಯಿರಿ. ಸ್ಟ್ರಟ್ಟಿನ ಹತ್ತಿರ 5 ಮಿಮೀಗಿಂತ ತೆಳ್ಳಗಿದ್ದರೆ ಆ ರಿಮ್ ವಾಪಸ್ ಕೊಟ್ಟು ಬನ್ನಿ.