ಮಾನಿಟರ್ ತೋರಿಸುವ ಬಿಳಿ ಎಷ್ಟು ಬಿಳಿ?

ಮದುವೆಯ ಆಲ್ಬಂ ಮುದ್ರಣವಾಗಿ ಬಂದಾಗ ಚಿತ್ರಗಳು ಮಂಕಾಗಿವೆ, ಮುಖಗಳು ಕಪ್ಪಿಟ್ಟಿವೆ ಎಂಬ ದೂರು ಮೈಸೂರಿನ ಸ್ಟುಡಿಯೊಗಳಿಗೆ ಹೊಸತಲ್ಲ. ಮನೆಯವರು ಛಾಯಾಗ್ರಾಹಕರನ್ನು ದೂರುತ್ತಾರೆ, ಛಾಯಾಗ್ರಾಹಕರು ಲ್ಯಾಬನ್ನು ದೂರುತ್ತಾರೆ, ಲ್ಯಾಬಿನವರು ‘ನೀವು ಕೊಟ್ಟ ಫೈಲೇ ಹಾಗಿತ್ತು’ ಎನ್ನುತ್ತಾರೆ. ಬಹಳಷ್ಟು ಸಲ ಲ್ಯಾಬಿನವರ ಮಾತೇ ನಿಜ. ತಪ್ಪು ನಡೆದಿರುವುದು ಚಿತ್ರವನ್ನು ತಿದ್ದಿದ ಕಂಪ್ಯೂಟರ್ ಪರದೆಯ ಮುಂದೆ. ಪಳಗಿದ ಕಣ್ಣಿಗೆ ಬಣ್ಣದ ದೋಷ ನೋಡಿದೊಡನೆ ತಿಳಿಯುತ್ತದೆ, ಅದಕ್ಕೆ ಯಂತ್ರವೇಕೆ ಎಂಬ ನಂಬಿಕೆ ಈ ವೃತ್ತಿಯಲ್ಲಿ ಗಟ್ಟಿಯಾಗಿ ಬೇರೂರಿದೆ. ಕಣ್ಣು ಕೆಲಸ ಮಾಡುವ ಬಗೆಯನ್ನು ಅರಿತರೆ, ಈ ನಂಬಿಕೆ ವಾಸ್ತು ನೋಡಿ ಮಾನಿಟರ್ ಇಡುವುದಕ್ಕಿಂತ ಹೆಚ್ಚೇನೂ ಮೇಲಲ್ಲ ಎಂಬುದು ಗೊತ್ತಾಗುತ್ತದೆ.

ಭಾನುವಾರ ಸಂಜೆ ಅರಮನೆಯ ದೀಪಗಳು ಹೊತ್ತಿಕೊಂಡಾಗ ಅಲ್ಲಿ ಬಿಳಿ ಪಂಚೆಯುಟ್ಟು ನಿಂತವರನ್ನು ಗಮನಿಸಬಹುದು. ಆ ಹೊಂಬಣ್ಣದ ಬೆಳಕಿನಲ್ಲಿ ಪಂಚೆಯಿಂದ ನಮ್ಮ ಕಣ್ಣಿಗೆ ಬರುವ ಕೆಂಪು ಹೆಚ್ಚು, ನೀಲಿ ಬಹಳ ಕಡಿಮೆ. ಆದರೂ ಪಂಚೆ ನಮಗೆ ಬಿಳಿಯಾಗಿಯೇ ಕಾಣುತ್ತದೆ. ಹಗಲಿನ ಬೆಳಕಿಗೆ ಹೊಂದಿಸಿದ ಕ್ಯಾಮೆರಾ ಮಾತ್ರ ಅದನ್ನು ಕಿತ್ತಳೆಯಾಗಿ ದಾಖಲಿಸುತ್ತದೆ. ಅಕ್ಷಿಪಟಲದಲ್ಲಿರುವ ಮೂರು ಬಗೆಯ ಶಂಕು ಕೋಶಗಳಲ್ಲಿ ಯಾವುದರ ಮೇಲೆ ಬೆಳಕು ಎಡೆಬಿಡದೆ ಹೆಚ್ಚಾಗಿ ಬೀಳುತ್ತದೆಯೋ ಅದು ತನ್ನ ಸಂವೇದನೆಯನ್ನು ತಗ್ಗಿಸಿಕೊಳ್ಳುತ್ತದೆ, ಕಡಿಮೆ ಬೆಳಕು ಪಡೆದದ್ದು ಏರಿಸಿಕೊಳ್ಳುತ್ತದೆ. ಈ ಮೂರೂ ಒಂದರ ಹಂಗಿಲ್ಲದೆ ಇನ್ನೊಂದು ಹೀಗೆ ಹೊಂದಿಕೊಳ್ಳುತ್ತವೆ ಎಂಬ ವಿಚಾರವನ್ನು ಜರ್ಮನಿಯ ಯೋಹಾನೆಸ್ ಫಾನ್ ಕ್ರೀಸ್ 1902ರಲ್ಲಿಯೇ ಮಂಡಿಸಿದ್ದರು. ಈ ಹೊಂದಾಣಿಕೆಯ ಬಹುಭಾಗ ಒಂದೆರಡು ನಿಮಿಷಗಳಲ್ಲಿ ಮುಗಿದುಹೋಗುತ್ತದೆ, ಅದು ನಡೆದದ್ದೂ ನಮಗೆ ತಿಳಿಯುವುದಿಲ್ಲ.

ಹೀಗಾಗಿ ನೀಲಿ ಛಾಯೆಯ ಮಾನಿಟರಿನ ಮುಂದೆ ಕುಳಿತವರಿಗೆ ಸ್ವಲ್ಪ ಹೊತ್ತಿನಲ್ಲಿ ಆ ನೀಲಿಯೇ ಬಿಳಿ. ಕಣ್ಣು ಪೂರ್ತಿ ಹೊಂದಿಕೊಂಡರೆ ಚಿತ್ರವೂ ಸರಿಯಾಗಿಯೇ ಕಾಣುತ್ತದಲ್ಲ, ತೊಂದರೆಯೇನು ಎಂದು ಚುರುಕಾದ ಓದುಗರು ಕೇಳಬಹುದು. ಪೂರ್ತಿ ಹೊಂದಿಕೊಳ್ಳುವುದಿಲ್ಲ ಎಂಬುದೇ ತೊಂದರೆ. ಪರದೆ ತಾನೇ ಬೆಳಗುವ ವಸ್ತು. ಅದರ ಸುತ್ತ ಕೋಣೆಯ ಬಲ್ಬು, ಕಿಟಕಿಯ ಬಿಸಿಲು, ಹಸಿರು ಬಳಿದ ಗೋಡೆ ಎಲ್ಲವೂ ಕಣ್ಣನ್ನು ತಮ್ಮ ಕಡೆಗೆ ಎಳೆಯುತ್ತಿರುತ್ತವೆ. ಹೀಗೆ ಅಳಿಯದೆ ಉಳಿದ ಅಷ್ಟಿಷ್ಟು ನೀಲಿಯನ್ನು ಸರಿದೂಗಿಸಲು ಛಾಯಾಗ್ರಾಹಕರು ಚಿತ್ರಕ್ಕೆ ಹಳದಿ ಬೆರೆಸುತ್ತಾರೆ, ಮುಹೂರ್ತದ ಸೀರೆ ಆಲ್ಬಮ್ಮಿನಲ್ಲಿ ಅರಿಸಿನಕ್ಕೆ ತಿರುಗುತ್ತದೆ. ಅಕ್ಕಪಕ್ಕ ಇಟ್ಟ ಎರಡು ಛಾಯೆಗಳ ನಡುವಿನ ಅತಿ ಸಣ್ಣ ಭೇದವನ್ನೂ ಹಿಡಿಯಬಲ್ಲ ಕಣ್ಣು, ಒಂದೇ ಬಣ್ಣವನ್ನು ಒಂಟಿಯಾಗಿ ನೋಡಿ ಅದರ ನಿಜ ಬೆಲೆಯನ್ನು ಹೇಳುವುದರಲ್ಲಿ ಸೋಲುತ್ತದೆ. ಕಪ್ಪಿನಿಂದ ಬಿಳಿಯವರೆಗೆ ಸಾಗುವ ಬೂದು ಪಟ್ಟಿಯೊಂದನ್ನು ತೆರೆದರೆ ನಡುವೆ ಎಲ್ಲೋ ಗುಲಾಬಿ, ಎಲ್ಲೋ ಹಸಿರು ಇಣುಕುವುದನ್ನು ಬರಿಗಣ್ಣೇ ಹಿಡಿಯುತ್ತದೆ; ಆದರೆ ಇಡೀ ಪಟ್ಟಿಯೇ ನೀಲಿಗೆ ಸರಿದಿದ್ದರೆ ಹಿಡಿಯದು.

ಆಲ್ಬಂ ಮಂಕಾಗುವುದಕ್ಕೆ ಮಾತ್ರ ಬಣ್ಣಕ್ಕಿಂತ ಬೆಳಕೇ ಮುಖ್ಯ ಕಾರಣ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕನ್ನು ಹಿಂದಿರುಗಿಸುವುದಷ್ಟೇ ಅದರ ಕೆಲಸ. ಹಜಾರದಲ್ಲಿ 150 ಲಕ್ಸ್ ಬೆಳಕಿದ್ದು, ಕಾಗದ ಅದರ ಶೇಕಡಾ 85ರಷ್ಟನ್ನು ಚದುರಿಸುತ್ತದೆ ಎಂದುಕೊಂಡರೆ, ಆಲ್ಬಮ್ಮಿನ ಅತಿ ಬಿಳಿಯ ಜಾಗದ ಕಾಂತಿ ಚದರ ಮೀಟರಿಗೆ ಸುಮಾರು 40 ಕ್ಯಾಂಡೆಲಾ. ಪೆಟ್ಟಿಗೆಯಿಂದ ತೆಗೆದು ಪೂರ್ಣ ಪ್ರಕಾಶದಲ್ಲೇ ಬಿಟ್ಟ ಮಾನಿಟರಿನದು 250ರಿಂದ 300 ಕ್ಯಾಂಡೆಲಾ. ಆರೇಳು ಪಟ್ಟು ಪ್ರಖರವಾದ ಪರದೆಯಲ್ಲಿ ನೋಡಿ, ಮುಖ ತೀರಾ ಬೆಳ್ಳಗಿದೆಯೆಂದು ಬೆಳಕು ತಗ್ಗಿಸಿದ ಫೈಲು ಕಾಗದದ ಮೇಲೆ ಕಪ್ಪಾಗದೆ ಇನ್ನೇನಾದೀತು? ಮುದ್ರಣಕ್ಕಾಗಿ ಕೆಲಸ ಮಾಡುವವರು ಪರದೆಯನ್ನು 80ರಿಂದ 120 ಕ್ಯಾಂಡೆಲಾಕ್ಕೆ ಇಳಿಸುವುದು ಇದೇ ಲೆಕ್ಕದಿಂದ. ಮೊದಲ ದಿನ ಪರದೆ ಮಬ್ಬಾದಂತೆ ಅನ್ನಿಸುತ್ತದೆ. ಕಣ್ಣು ಅದಕ್ಕೂ ಹೊಂದಿಕೊಳ್ಳುತ್ತದೆ.

ಹಾಗಾದರೆ ಬಣ್ಣವನ್ನು ಅಳೆಯುವ ಯಂತ್ರ ಯಾರ ಕಣ್ಣನ್ನು ಪ್ರಮಾಣವಾಗಿ ಇಟ್ಟುಕೊಂಡಿದೆ? ಇದರ ಉತ್ತರ ನನಗೆ ಈ ವಿಷಯದಲ್ಲೇ ಅತ್ಯಂತ ಪ್ರಿಯವಾದ ಸಂಗತಿ. 1920ರ ದಶಕದ ಕೊನೆಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡೇವಿಡ್ ರೈಟ್ ಅವರು 10 ಮಂದಿಯನ್ನೂ, ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಜಾನ್ ಗಿಲ್ಡ್ ಅವರು 7 ಮಂದಿಯನ್ನೂ ಕೂರಿಸಿ, ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ ಕೊಟ್ಟ ಬಣ್ಣಕ್ಕೆ ಸರಿಹೊಂದಿಸುವಂತೆ ಕೇಳಿದರು. ಇಬ್ಬರ ಫಲಿತಾಂಶಗಳೂ ಬೆರಗಾಗುವಷ್ಟು ತಾಳೆಯಾದವು. ಅವುಗಳ ಸರಾಸರಿಯಿಂದ ಅಂತರರಾಷ್ಟ್ರೀಯ ಪ್ರದೀಪನ ಆಯೋಗವು 1931ರಲ್ಲಿ ‘ಪ್ರಮಾಣಿತ ವೀಕ್ಷಕ’ನನ್ನು ರೂಪಿಸಿತು. ಇಂದು ಮಾನಿಟರಿಗೆ ನೇತುಹಾಕುವ ಕಲರಿಮೀಟರ್ ಎಂಬ ಪುಟ್ಟ ಸಾಧನ ನೋಡುವುದು ಆ ಹದಿನೇಳು ಮಂದಿಯ ಕಣ್ಣುಗಳಿಂದ. ಅವರಂತೆ ಅದು ಹೊಂದಿಕೊಳ್ಳುವುದಿಲ್ಲ, ದಣಿಯುವುದಿಲ್ಲ.

ಮಾನಿಟರನ್ನು ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಈ ಸಾಧನವನ್ನು ತೂಗುಹಾಕಿದರೆ, ತಂತ್ರಾಂಶವು ಒಂದೊಂದೇ ಬಣ್ಣದ ತುಣುಕನ್ನು ತೋರಿಸಿ, ತಾನು ಕೇಳಿದ್ದೇನು, ಪರದೆ ಕೊಟ್ಟದ್ದೇನು ಎಂದು ದಾಖಲಿಸುತ್ತದೆ. ಇಲ್ಲಿ ಎರಡು ಕೆಲಸಗಳಿವೆ, ಜನ ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ದೇವರಾಜ ಮಾರುಕಟ್ಟೆಯ ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸುವುದು ಕ್ಯಾಲಿಬ್ರೇಷನ್. ಹಾಗೆ ಮಾಡಿದ ಮೇಲೂ ಉಳಿದ ತಪ್ಪನ್ನು, ಕಿಲೋಗೆ ಇಷ್ಟು ಹೆಚ್ಚು ತೋರಿಸುತ್ತದೆ ಎಂದು ಚೀಟಿಯಲ್ಲಿ ಬರೆದಿಡುವುದು ಪ್ರೊಫೈಲ್. ಬಿಳಿಯನ್ನು 6500 ಕೆಲ್ವಿನ್ ಸುಮಾರಿನ ಡಿ65 ಎಂಬ ಹಗಲು ಬೆಳಕಿನ ಪ್ರಮಾಣಿತ ಬಿಳಿಗೆ, ಗಾಮಾವನ್ನು (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಏರುವ ಬಗೆಯನ್ನು) 2.2ಕ್ಕೆ, ಕಾಂತಿಯನ್ನು ಮೇಲೆ ಹೇಳಿದ ಮಟ್ಟಕ್ಕೆ ತರುವುದು ಮೊದಲ ಕೆಲಸ. ಇದರಲ್ಲಿ ಆದಷ್ಟನ್ನೂ ಮಾನಿಟರಿನದೇ ಮೆನುವಿನಲ್ಲಿ ಮಾಡುವುದು ಲೇಸು. ಎಲ್ಲವನ್ನೂ ಗ್ರಾಫಿಕ್ಸ್ ಕಾರ್ಡಿನ ತಲೆಗೆ ಕಟ್ಟಿದರೆ ಆಕಾಶದಂಥ ನಯವಾದ ಜಾಗಗಳಲ್ಲಿ ಪಟ್ಟೆಗಳು ಮೂಡಬಹುದು. ಪ್ರೊಫೈಲನ್ನು ಓದಬಲ್ಲ ತಂತ್ರಾಂಶಗಳು ಮಾತ್ರ ಅದರ ಪ್ರಯೋಜನ ಪಡೆಯುತ್ತವೆ.

ಇಷ್ಟೆಲ್ಲ ಮಾಡಿದರೂ ಪರದೆ ಎಲ್ಲ ಬಣ್ಣವನ್ನೂ ತೋರಿಸಲಾರದು. ಸಾಮಾನ್ಯ ಪರದೆಗಳು ಅನುಸರಿಸುವ, 1996ರಲ್ಲಿ ಪ್ರಸ್ತಾಪವಾದ ಎಸ್‌ಆರ್‌ಜಿಬಿ ಎಂಬ ಬಣ್ಣಗಳ ವ್ಯಾಪ್ತಿ, ಆಯೋಗದ 1931ರ ವರ್ಣನಕ್ಷೆಯಲ್ಲಿ ಕಣ್ಣು ಕಾಣಬಲ್ಲ ಪ್ರದೇಶದ ಸುಮಾರು ಮೂರನೆಯ ಒಂದು ಭಾಗವಷ್ಟೇ. ದಸರೆಯ ಚೆಂಡು ಹೂವಿನ ಕಡು ಕಿತ್ತಳೆ ಪರದೆಯ ಮೇಲೆ ಎಸಳುಗಳ ಗೆರೆಯೂ ಕಾಣದ ಮುದ್ದೆಯಾಗುವುದು ಇದರಿಂದಲೇ; ಕ್ಯಾಲಿಬ್ರೇಷನ್ ಅದಕ್ಕೆ ಮದ್ದಲ್ಲ.

ಕೊನೆಗೆ ಎಲ್ಲರೂ ಫೋನಿನಲ್ಲೇ ನೋಡುತ್ತಾರೆ, ಒಂದೊಂದು ಫೋನಿನ ಬಣ್ಣ ಒಂದೊಂದು ತೆರನಾಗಿರುವಾಗ ಸ್ಟುಡಿಯೊದವರಿಗಷ್ಟೇ ಈ ಶ್ರಮವೇಕೆ ಎಂಬ ಆಕ್ಷೇಪವಿದೆ. ನೋಡುವವರ ಪರದೆಗಳಲ್ಲಿ ಕೆಲವು ನೀಲಿಯ ಕಡೆಗೆ, ಕೆಲವು ಹಳದಿಯ ಕಡೆಗೆ ವಾಲಿರುತ್ತವೆ. ಫೈಲು ಸರಿಯಾಗಿದ್ದರೆ ಆ ವಾಲಾಟ ಸರಿಯಾದ ಬಣ್ಣದ ಎರಡೂ ಬದಿಗೆ ಹಂಚಿಹೋಗುತ್ತದೆ. ಫೈಲೇ ಹಳದಿಯಾಗಿದ್ದರೆ, ಹಳದಿಗೆ ವಾಲಿದ ಫೋನುಗಳಲ್ಲಿ ಮದುಮಗಳ ಮುಖಕ್ಕೆ ಎರಡು ಸಲ ಹಳದಿ ಬಳಿದಂತಾಗುತ್ತದೆ.