ಪ್ರೇರಿ ಊರುಗಳು ಅಳತೆ ಹಿಡಿದು ಇಟ್ಟ ಹಾಗೆ ಯಾಕಿವೆ?

ಪ್ರಶ್ನೆ: ಮಗಳ ಮನೆಗೆಂದು ಕೆನಡಾದ ರೆಜೈನಾಕ್ಕೆ ಹೋಗಿದ್ದೆವು. ಕಾರಿನಲ್ಲಿ ಸಸ್ಕ್ಯಾಚೆವಾನ್ ಪ್ರಾಂತ್ಯ ಸುತ್ತಿದೆವು. ಹತ್ತು ಹನ್ನೆರಡು ಕಿಲೋಮೀಟರಿಗೊಂದು ಪುಟ್ಟ ಊರು, ಎಲ್ಲ ಒಂದೇ ಥರ. ಎಷ್ಟೋ ಕಡೆ ಅಂಗಡಿಗಳೇ ಮುಚ್ಚಿವೆ. ಇಷ್ಟು ಸರಿಯಾಗಿ ಅಳೆದು ಊರು ಕಟ್ಟಿದವರು ಯಾರು? ಈಗ ಯಾಕೆ ಖಾಲಿ?

ಉತ್ತರ: ಪ್ರೇರಿ ಅಂದರೆ ನೀವು ನೋಡಿದ ಆ ಹುಲ್ಲುಗಾವಲಿನ ಬಯಲು ಸೀಮೆ. ಅಲ್ಲಿ ಊರು ಕಟ್ಟಿದ್ದು ರೈಲು ಕಂಪನಿಗಳು. ಆದರೆ ಆ ಅಳತೆ ಕುದುರೆ ಗಾಡಿಯದು.

ನೂರು ವರ್ಷದ ಹಿಂದಿನ ಒಬ್ಬ ರೈತನನ್ನು ನೆನೆಸಿಕೊಳ್ಳಿ. ಗಾಡಿ ತುಂಬ ಗೋಧಿ, ಎರಡು ಕುದುರೆ, ಮಣ್ಣಿನ ದಾರಿ. ಬೆಳಿಗ್ಗೆ ಹೊರಟು, ಹಳಿ ಪಕ್ಕದಲ್ಲಿ ಕಾಳು ಸುರಿದು, ಸಕ್ಕರೆ, ಸೀಮೆಎಣ್ಣೆ ಕೊಂಡು, ಕತ್ತಲಾಗುವ ಮುಂಚೆ ಮನೆ ಸೇರಬೇಕು. ಅದಕ್ಕೇ ಹಳಿಯುದ್ದಕ್ಕೂ ಸುಮಾರು 10ರಿಂದ 16 ಕಿಲೋಮೀಟರಿಗೊಂದು ನಿಲ್ದಾಣ ಬಂತು. ಹಬೆ ಇಂಜಿನ್ನಿಗೂ ಆಗಾಗ ನೀರು ಬೇಕಿತ್ತು.

ಹೊಲಗಳಿಗೂ ಹೀಗೇ ಅಳತೆ. 1872ರ ಕಾನೂನಿನ ಪ್ರಕಾರ 10 ಡಾಲರ್ ಶುಲ್ಕ ಕಟ್ಟಿದರೆ 160 ಎಕರೆ ಸಿಗುತ್ತಿತ್ತು. ಅಲ್ಲಿ ವಾಸವಿದ್ದು ಉಳುಮೆ ಮಾಡಿದರೆ ನಿಮ್ಮದು. ಬಯಲನ್ನೆಲ್ಲ ಮೈಲಿ ಚೌಕಗಳಾಗಿ ಗೆರೆ ಎಳೆದಿದ್ದರು. ಇವತ್ತಿಗೂ ಅಲ್ಲಿನ ಜಲ್ಲಿ ದಾರಿಗಳು ಆ ಗೆರೆಗಳ ಮೇಲೇ ಓಡುತ್ತವೆ, ಜನ ಅವನ್ನು ಗ್ರಿಡ್ ರೋಡ್ ಅಂತಲೇ ಕರೆಯುತ್ತಾರೆ. ಹಾಗಂತ ಅದು ಯಾರೂ ಇಲ್ಲದ ನೆಲ ಆಗಿರಲಿಲ್ಲ. ಮೂಲನಿವಾಸಿಗಳಾದ ಕ್ರೀ, ಸೋಟೋ ಜನರ ನೆಲ ಅದು. ಸರ್ಕಾರ ಅವರ ಜೊತೆ ಮಾಡಿಕೊಂಡ 1874ರ ನಾಲ್ಕನೇ ಒಪ್ಪಂದದ ನಂತರ ಅವರನ್ನು ರಿಸರ್ವ್‌ಗಳಿಗೆ, ಅಂದರೆ ಅವರಿಗೆಂದೇ ಗುರುತಿಸಿಟ್ಟ ಜಾಗಗಳಿಗೆ, ಸೇರಿಸಿದರು. ಪನ್ನಿಚಿ, ಲೆಸ್ಟಾಕ್ ಊರುಗಳ ಸುತ್ತ ಆ ರಿಸರ್ವ್‌ಗಳು ಈಗಲೂ ಇವೆ. ಅಲ್ಲಿ ಓಡಾಡುವಾಗ ಇದು ಗೊತ್ತಿರಲೇಬೇಕು ಅನ್ನೋದು ನನ್ನ ಅನಿಸಿಕೆ.

ಮುಂದಿನ ಸಲ ಹೋದರೆ ಮೆಲ್ವಿಲ್‌ನಿಂದ ಪಶ್ಚಿಮಕ್ಕೆ 15ನೇ ಹೆದ್ದಾರಿ ಹಿಡಿಯಿರಿ. ಊರಿನ ಬೋರ್ಡು ಓದುತ್ತಾ ಹೋಗಿ. ಎಫ್‌ಗೆ ಫೆನ್‌ವುಡ್, ಜಿಗೆ ಗುಡೀವ್, ಎಚ್‌ಗೆ ಹಬರ್ಡ್, ಐಗೆ ಇಟ್ಯೂನಾ! ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ರೈಲು ಕಂಪನಿ ನಿಲ್ದಾಣಗಳಿಗೆ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರವೇ ಹೆಸರಿಟ್ಟಿತು. ನಡುವೆ ನೊಕೊಮಿಸ್ ಬಂದು ಸಾಲು ತಪ್ಪುತ್ತದೆ. ಆದರೆ ವಾಟ್ರಸ್ ಕಡೆ ತಿರುಗಿದರೆ ಡಬ್ಲ್ಯು, ಎಕ್ಸ್, ವೈ ದಾಟಿ ಜೆಡ್‌ನ ಜೆಲ್ಮಾವರೆಗೂ ಹೋಗಬಹುದು. ನಮ್ಮಲ್ಲಿ ಊರು ಹುಟ್ಟಿ, ಆಮೇಲೆ ಅದಕ್ಕೊಂದು ಕಥೆ, ಹೆಸರು. ಇಲ್ಲಿ ಮೊದಲು ಹೆಸರು, ಆಮೇಲೆ ಊರು.

ಎಲ್ಲ ಊರೂ ಒಂದೇ ಥರ ಕಾಣೋದೂ ಇದಕ್ಕೇ. ಹಳಿ ಪಕ್ಕ ರೈಲ್ವೆ ಅವೆನ್ಯೂ, ಮುಖ್ಯ ಬೀದಿ, ಹಳಿಗೆ ಅಂಟಿಕೊಂಡು ಗ್ರೇನ್ ಎಲಿವೇಟರ್, ಅಂದರೆ ಕಾಳು ಮೇಲೆತ್ತಿ ತುಂಬಿಡುವ ಎತ್ತರದ ಕಣಜದ ಕಟ್ಟಡ. ಒಂದು ಕೆಫೆ ಇದ್ದೇ ಇರುತ್ತಿತ್ತು, ಎಷ್ಟೋ ಕಡೆ ಅದು ಚೀನೀ ಕುಟುಂಬದ್ದು. ರೈಲು ಹಳಿ ಹಾಕಲು ಚೀನೀಯರನ್ನು ಕರೆಸಿಕೊಂಡ ಕೆನಡಾ, 1885ರಲ್ಲಿ ಹೊಸದಾಗಿ ದೇಶಕ್ಕೆ ಬರುವ ಚೀನೀಯರ ಮೇಲೆ ತಲೆಗಂದಾಯ ಹಾಕಿತು. ಬೇರೆ ಕೆಲಸ ಸಿಗದೆ ಅವರಲ್ಲಿ ಅನೇಕರು ಇಂಥ ಊರುಗಳಲ್ಲಿ ಹೋಟೆಲು, ಬಟ್ಟೆ ಒಗೆಯುವ ಅಂಗಡಿ ಇಟ್ಟರು. ತೆರೆದಿರುವ ಕೆಫೆ ಸಿಕ್ಕರೆ ದಯವಿಟ್ಟು ಒಳಗೆ ಹೋಗಿ ಕೂತ್ಕೊಳ್ಳಿ. ಬೆಳಿಗ್ಗೆ ರೈತರು ಉದ್ದದ ಮೇಜಿಗೆ ಸೇರುತ್ತಾರೆ, ಅದಕ್ಕೆ ಕಾಫಿ ರೋ ಅಂತಾರೆ. ಮಳೆ, ರೇಟು, ಬೆಳೆ, ಇದೇ ಮಾತು. ಆ ಬೆಳೆಗಳಲ್ಲಿ ಕೆಂಪು ಮಸೂರವೂ ಒಂದು, ನಾವು ಚನ್ನಂಗಿ ಬೇಳೆ ಅಂತೀವಲ್ಲ, ಅದೇ. ಭಾರತಕ್ಕೆ ಅದು ಈ ಬಯಲಿನಿಂದಲೂ ಬರುತ್ತದೆ.

ಇನ್ನು ಖಾಲಿಯಾದ ಮಾತು. ಲಾರಿ ಬಂತು, ರಸ್ತೆ ಸುಧಾರಿಸಿತು. ಅರ್ಧ ದಿನದ ದಾರಿ ಹತ್ತು ನಿಮಿಷವಾಯಿತು. ಆಮೇಲೆ ಪಕ್ಕಪಕ್ಕದಲ್ಲಿ ಅಷ್ಟೊಂದು ಊರು ಯಾಕೆ ಬೇಕು? ಹೊಲಗಳು ದೊಡ್ಡದಾದವು, ಮನೆಗಳು ಕಡಿಮೆಯಾದವು. 1995ರಲ್ಲಿ ಧಾನ್ಯ ಸಾಗಣೆಗೆ ಸರ್ಕಾರ ಕೊಡುತ್ತಿದ್ದ ಸಹಾಯಧನ ನಿಂತಿತು. ಸಣ್ಣ ಕವಲು ಹಳಿಗಳನ್ನು ಕಿತ್ತರು. ದೂರದೂರಕ್ಕೊಂದು ಕಾಂಕ್ರೀಟಿನ ದೊಡ್ಡ ಧಾನ್ಯ ಟರ್ಮಿನಲ್ ಎದ್ದಿತು. 1930ರ ದಶಕದಲ್ಲಿ ಪ್ರೇರಿ ಪ್ರಾಂತ್ಯಗಳಲ್ಲೆಲ್ಲ ಸೇರಿ 5,700ಕ್ಕೂ ಜಾಸ್ತಿ ಇದ್ದ ಎಲಿವೇಟರ್‌ಗಳಲ್ಲಿ ಈಗ ಉಳಿದಿರುವ ಮರದವು ಕೆಲವು ನೂರು ಅಷ್ಟೇ. ಎಲಿವೇಟರ್ ಬಿದ್ದ ಊರಲ್ಲಿ ಅಂಗಡಿ, ಸ್ಕೂಲು ಕೂಡ ಹೆಚ್ಚು ದಿನ ನಿಲ್ಲಲಿಲ್ಲ.

ಒಂದು ಎಲಿವೇಟರನ್ನಾದರೂ ಒಳಗೆ ಹೋಗಿ ನೋಡಬೇಕು ಅಂದರೆ ಪಕ್ಕದ ಮ್ಯಾನಿಟೋಬಾ ಪ್ರಾಂತ್ಯದ ಇಂಗ್ಲಿಸ್‌ಗೆ ಹೋಗಿ. ಐದು ಎಲಿವೇಟರ್ ಒಂದೇ ಸಾಲಿನಲ್ಲಿ ನಿಂತಿವೆ, ಸರ್ಕಾರ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದೆ. ಗೋಡೆಗಳನ್ನು ಹತ್ತಿರದಿಂದ ನೋಡಿ. ಹಲಗೆಗಳನ್ನು ಇಟ್ಟಿಗೆ ಥರ ಮಲಗಿಸಿ, ಒಂದರ ಮೇಲೊಂದು ಪೇರಿಸಿ, ಮೊಳೆ ಹೊಡೆದಿದ್ದಾರೆ. ಕಾಳಿನ ಭಾರಕ್ಕೆ ಗೋಡೆ ಬಿರಿಯಬಾರದಲ್ವಾ? ಗಾಡಿ ತೂಕದ ಕಟ್ಟೆ ಮೇಲೆ ನಿಲ್ಲುತ್ತಿತ್ತು, ಕಾಳು ಕೆಳಗಿನ ಗುಂಡಿಗೆ ಬೀಳುತ್ತಿತ್ತು. ಅಲ್ಲಿಂದ ಸಣ್ಣ ಸಣ್ಣ ಬಟ್ಟಲು ಜೋಡಿಸಿದ ಪಟ್ಟಿಯೊಂದು ಅದನ್ನು ಮೊಗೆದು ಮೊಗೆದು ತುದಿಗೆ ಒಯ್ಯುತ್ತಿತ್ತು. ಮೇಲಿಂದ ಬೇಕಾದ ಕಣಜಕ್ಕೆ ತಾನೇ ಇಳಿಯುತ್ತಿತ್ತು, ಕಣಜದಿಂದ ರೈಲಿನ ಡಬ್ಬಿಗೆ.