ಸೊಂಟದ ನೀಲಿ ಮಚ್ಚೆ, ರೆಪ್ಪೆಯ ಕೆಂಪು ಗಂಟು

ಒಂದೂವರೆ ತಿಂಗಳ ಕೂಸು. ಬಟ್ಟೆ ಸರಿಸಿ ತೋರಿಸಿದ್ದು ಅಜ್ಜಿ. ಸೊಂಟದ ಕೆಳಗೆ ಅಂಗೈ ಅಗಲದ ನೀಲಿ ಕಲೆ, ಶಾಯಿ ಚೆಲ್ಲಿ ಒರೆಸಿದ ಹಾಗೆ. "ಗ್ರಹಣದ ದಿನ ಹೊರಗೆ ಹೋಗ್ಬೇಡ ಅಂದ್ರೂ ಕೇಳಲಿಲ್ಲ ಡಾಕ್ಟ್ರೇ" ಅಂದರು. ಬಾಣಂತಿ ತಲೆ ತಗ್ಗಿಸಿ ಕೂತಿದ್ದರು.

ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇಂಥ ಮಾತು ಕೇಳಿ ಸುಮ್ನೆ ಕೊರಗುವ ತಾಯಂದಿರನ್ನು ನೋಡಿದರೆ ಸಂಕಟವಾಗುತ್ತದೆ. ಮಗು ಹೊಟ್ಟೆಯಲ್ಲಿದ್ದಾಗ ಬಣ್ಣದ ಜೀವಕೋಶಗಳು ಬೆನ್ನುಹುರಿಯ ಕಡೆಯಿಂದ ಹೊರಟು ಚರ್ಮದ ಮೇಲ್ಪದರಕ್ಕೆ ಬಂದು ಸೇರುತ್ತವೆ. ಕೆಲವು ಅಲ್ಲಿಯವರೆಗೆ ಬರದೆ ಒಳಪದರದಲ್ಲೇ ಉಳಿದುಬಿಡುತ್ತವೆ. ಅವುಗಳ ನಿಜವಾದ ಬಣ್ಣ ಕಂದು. ಆಳದಲ್ಲಿರುವುದರಿಂದ ನಮ್ಮ ಕಣ್ಣಿಗೆ ನೀಲಿಯಾಗಿ ಕಾಣುತ್ತದೆ, ಅಷ್ಟೇ. ನಮ್ಮ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಮುಲಾಮು ಬೇಡ, ಅರಿಸಿನ ಹಚ್ಚಿ ತಿಕ್ಕುವುದೂ ಬೇಡ. ಶಾಲೆಗೆ ಸೇರುವ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ತಾನೇ ಮಾಸಿಹೋಗಿರುತ್ತದೆ. ವಿದೇಶದಲ್ಲಿರುವ ನಮ್ಮವರು ಮಾತ್ರ ಇದನ್ನು ಮಗುವಿನ ಆಸ್ಪತ್ರೆ ದಾಖಲೆಯಲ್ಲಿ ಮೊದಲೇ ಬರೆಸಿಡಿ. ಯಾರೋ ಮಗುವಿಗೆ ಹೊಡೆದಿದ್ದಾರೆ ಅಂತ ಅಲ್ಲಿ ತಪ್ಪು ತಿಳಿಯುವುದುಂಟು.

ನನಗೆ ಚಿಂತೆಯಾಗಿದ್ದು ಬೇರೆಯದರ ಬಗ್ಗೆ. ಎಡಗಣ್ಣಿನ ಮೇಲಿನ ರೆಪ್ಪೆಯಲ್ಲಿ ಕಡಲೆಕಾಳಿನಷ್ಟು ಕೆಂಪು ಗಂಟಿತ್ತು. ಒತ್ತಿದರೆ ಮೆತ್ತಗೆ. "ಅದಾ? ಹುಟ್ಟಿದಾಗ ಇರಲಿಲ್ಲ. ಸೊಳ್ಳೆ ಕಚ್ಚಿರ್ಬೇಕು" ಅಂದರು ತಾಯಿ.

ಇದು ರಕ್ತನಾಳಗಳ ಗಂಟು, ಹೆಮಾಂಜಿಯೋಮಾ. ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಮೊದಲ 5 ತಿಂಗಳು ಜೋರಾಗಿ ಬೆಳೆಯುತ್ತದೆ. ಆಮೇಲೆ ವರ್ಷಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ಬೆನ್ನಲ್ಲೋ ತೋಳಲ್ಲೋ ಚಿಕ್ಕದಾಗಿದ್ದರೆ ಕಾದು ನೋಡಬಹುದು. ರೆಪ್ಪೆಯ ಮೇಲೆ ಹಾಗಲ್ಲ. ಕಣ್ಣು ನೋಡಲು ಕಲಿಯುವ ವಯಸ್ಸಿದು. ಗಂಟು ಬೆಳೆದು ಕಣ್ಣನ್ನು ಮುಚ್ಚಿದರೆ ಆ ಕಣ್ಣಿನ ದೃಷ್ಟಿಯೇ ಮಂದವಾಗಬಹುದು. ಬಾಯಿ, ಮೂಗಿನ ಹತ್ತಿರ ಇದ್ದರೂ, ಹುಣ್ಣಾದರೂ ತಡಮಾಡಬೇಡಿ. "ದೊಡ್ಡದಾದ ಮೇಲೆ ಹೋಗುತ್ತೆ ಬಿಡಿ" ಅನ್ನುವವರ ಮಾತು ಕೇಳಿ ಕೂತರೆ ಆ 5 ತಿಂಗಳು ಕಳೆದೇ ಹೋಗುತ್ತದೆ.

ಈಗ ಒಳ್ಳೆಯ ಔಷಧಿಯಿದೆ. ಪ್ರೊಪ್ರನಲಾಲ್, ಬಿ.ಪಿ.ಗೆ ಕೊಡುವ ಹಳೆಯ ಮದ್ದು. ಫ್ರಾನ್ಸಿನ ಬೋರ್ಡೋದಲ್ಲಿ ಹೃದಯದ ತೊಂದರೆಗೆಂದು ಇದನ್ನು ಕೊಟ್ಟ ಮಗುವಿನ ಗಂಟೂ ಕುಗ್ಗತೊಡಗಿತು. ಅಲ್ಲಿನ ವೈದ್ಯರು 2008ರಲ್ಲಿ ಅದನ್ನು ಪ್ರಕಟಿಸಿದರು. ಎದೆಬಡಿತ ಪರೀಕ್ಷಿಸಿ, ತೂಕ ನೋಡಿ ಡಾಕ್ಟರೇ ಶುರುಮಾಡಬೇಕು. ಹಾಲು ಕುಡಿಸದೆ ಕೊಟ್ಟರೆ ಮಗುವಿನ ರಕ್ತದ ಸಕ್ಕರೆ ಇಳಿಯಬಹುದು.

ಯಾವ ಹೊತ್ತಿಗೆ, ಹಾಲಿಗೆ ಮುಂಚೆಯೋ ಆಮೇಲೋ ಅಂತ ಅಜ್ಜಿಯೇ ಎರಡೆರಡು ಸಲ ಕೇಳಿ, ಚೀಟಿಯಲ್ಲಿ ಬರೆಸಿಕೊಂಡರು.